ಇದ್ದಿಲಿನ ಅಸುರ: ಅಗರಿಯಾ ಪುರಾಣ ಮತ್ತು ಸುಡುವಿಕೆಯ ತಿಳಿವಳಿಕೆ

ವೆರಿಯರ್ ಎಲ್ವಿನ್ ಅವರ ‘ದಿ ಅಗರಿಯಾ’ (1942) ಮಧ್ಯಭಾರತದ ಮೈಕಲ ಬೆಟ್ಟಸಾಲಿನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದ ಬುಡಕಟ್ಟನ್ನು ಕುರಿತ ಮಹತ್ವದ ಗ್ರಂಥ. ಅದರಲ್ಲಿ ದಾಖಲಾಗಿರುವ ಮೂವರು ಅಸುರರೆಂದರೆ ಕಬ್ಬಿಣದ ಲೋಹಾಸುರ, ಇದ್ದಿಲಿನ ಕೋಯ್ಲಾಸುರ ಮತ್ತು ಬೆಂಕಿಯ ಅಗ್ಯಾಸುರ. ಈ ತ್ರಯವನ್ನು ಕೇವಲ ನಂಬಿಕೆಯ ನೆಲೆಯಲ್ಲಿ ನೋಡಿದರೆ ಒಂದು ಮುಖ್ಯ ಪ್ರಶ್ನೆ ಉಳಿದುಬಿಡುತ್ತದೆ. ಇದ್ದಿಲು ಬೆಂಕಿಯ ಆಹಾರ ಮಾತ್ರವಾಗಿದ್ದರೆ ಅದಕ್ಕೆ ಪ್ರತ್ಯೇಕ ಅಧಿದೈವವೇಕೆ?

ಉತ್ತರವನ್ನು ಕಸುಬಿನಲ್ಲಿಯೇ ಹುಡುಕಬೇಕು. ಗಾಳಿಯನ್ನು ತಡೆದು ಕಟ್ಟಿಗೆಯನ್ನು ಕಾಯಿಸಿದಾಗ ಮೊದಲು ನೀರು, ಅನಂತರ ಅನಿಲ ಹಾಗೂ ಡಾಂಬರಿನಂತಹ ದ್ರವ್ಯಗಳು ಹೊರಹೋಗುತ್ತವೆ. ಅವು ತೆರವುಗೊಳಿಸಿದ ಜಾಗ ಮತ್ತು ಮರದ ಮೂಲ ನಾಳಗಳು ಸೇರಿ ಇದ್ದಿಲಿನ ರಂಧ್ರಜಾಲವಾಗುತ್ತದೆ. ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿದರೆ ಇಳುವರಿ ಹೆಚ್ಚು. ಆದರೆ ಡಾಂಬರಿನ ಅಂಶ ಒಳಗೇ ಉಳಿಯುತ್ತದೆ. 600–700 ಡಿಗ್ರಿಗೆ ಏರಿಸಿದರೆ ತೂಕ ಇಳಿದು, ಇಂಗಾಲದ ಪಾಲೂ ಒಳಮೈಯ ವಿಸ್ತಾರವೂ ಹೆಚ್ಚುತ್ತವೆ. ಅತಿಯಾದ ಕಾವಿನಲ್ಲಿ ಸೂಕ್ಷ್ಮ ರಂಧ್ರಗಳು ಮತ್ತೆ ಕುಗ್ಗುತ್ತವೆ. ಅವಸರದಲ್ಲಿ ಕಾಯಿಸಿದರೆ ಇದ್ದಿಲು ಬಿರಿಯುತ್ತದೆ. ಗಾಳಿ ನುಗ್ಗಿದರೆ ಬೂದಿಯಾಗುತ್ತದೆ. ಇಂದು ತೆಂಗಿನ ಚಿಪ್ಪಿನ ಇದ್ದಿಲಿಗೆ 800–1000 ಡಿಗ್ರಿಯಲ್ಲಿ ಹಬೆ ಹಾಯಿಸಿ, ಗ್ರಾಮೊಂದಕ್ಕೆ ಸಾವಿರ ಚದರ ಮೀಟರಿನಷ್ಟು ಒಳಮೈ ಪಡೆಯುವ ಕಾರ್ಖಾನೆಯೂ ಕಾವು, ಕಾಲ, ಗಾಳಿಗಳ ಈ ನಿಯಂತ್ರಣವನ್ನೇ ಅವಲಂಬಿಸಿದೆ.

ಕುಲುಮೆಯಲ್ಲಿ ಇದ್ದಿಲಿಗೆ ಮೂರು ಕೆಲಸಗಳಿವೆ. ಅದು ಕಾವು ನೀಡಬೇಕು. ಅದಿರಿನ ಆಮ್ಲಜನಕವನ್ನು ಸೆಳೆಯುವ ಇಂಗಾಲದ ಮಾನಾಕ್ಸೈಡನ್ನು ಹುಟ್ಟಿಸಬೇಕು. ಮೇಲಿನ ಭಾರಕ್ಕೆ ಪುಡಿಯಾಗದೆ ಅನಿಲಕ್ಕೆ ದಾರಿ ಬಿಡಬೇಕು. ಇದ್ದಿಲನ್ನು ಮಾಡುವ ಬೆಂಕಿ ಬೇರೆ, ಇದ್ದಿಲು ಉರಿಯುವ ಬೆಂಕಿ ಬೇರೆ. ಕೋಯ್ಲಾಸುರ ಅಗ್ಯಾಸುರನಿಂದ ಬೇರೆಯಾಗಿ ನಿಲ್ಲುವುದರಲ್ಲಿ ಈ ವಿವೇಚನೆಯ ನೆರಳನ್ನು ಗುರುತಿಸಬಹುದು. ಹಾಗೆಂದು ಪುರಾಣವನ್ನು ರಸಾಯನಶಾಸ್ತ್ರದ ಪಠ್ಯವೆಂದು ಸಾಧಿಸಹೊರಡುವುದು ಅತಿರೇಕವಾದೀತು. ಪುರಾಣ ಕಾವಿನ ಅಳತೆಯನ್ನು ಹೇಳುವುದಿಲ್ಲ. ಯಾವುದಕ್ಕೆ ಪ್ರತ್ಯೇಕ ಎಚ್ಚರ ಬೇಕೆಂಬುದನ್ನಷ್ಟೇ ಸೂಚಿಸುತ್ತದೆ.

ಎಲ್ವಿನ್ ಕಸುಬನ್ನೂ ವಿವರವಾಗಿಯೇ ದಾಖಲಿಸಿದ್ದಾರೆ. ಆದರೆ ಪುರಾಣ ಮತ್ತು ಕಸುಬು ಬೇರೆ ಬೇರೆ ಅಧ್ಯಾಯಗಳಲ್ಲಿ ಉಳಿದಿರುವುದು ಗ್ರಂಥದ ಮಿತಿ. ಕುಲುಮೆಯ ತೆರಿಗೆ, ಅರಣ್ಯದ ನಿರ್ಬಂಧ ಹಾಗೂ ಕಾರ್ಖಾನೆಯ ಅಗ್ಗದ ಕಬ್ಬಿಣಗಳಿಂದ ಈ ಕಸುಬು ಕುಸಿಯಿತು. ಕುಸಿದದ್ದು ಕೇವಲ ಜೀವನೋಪಾಯವಲ್ಲ, ಪುರಾಣಕ್ಕೆ ಅರ್ಥ ಕೊಡುತ್ತಿದ್ದ ಕೈಗಳ ಅನುಭವ. ಆದ್ದರಿಂದ ಜಾನಪದ ಸಂಗ್ರಾಹಕರು ಕಥೆಯ ಜೊತೆಗೆ ಮರದ ಜಾತಿ, ಗೂಡಿನ ಮುಚ್ಚಿಗೆ, ಹೊಗೆಯ ಬಣ್ಣಗಳನ್ನೂ ದಾಖಲಿಸುವುದು ಅವಶ್ಯ. ಇಲ್ಲವಾದರೆ ಕೋಯ್ಲಾಸುರ ಪಟ್ಟಿಯೊಂದರ ಹೆಸರಾಗಿ ಮಾತ್ರ ಉಳಿಯುತ್ತಾನೆ.