ಪ್ರಾರ್ಥನೆಯೂ ಹಿಂಸೆಯೂ

ನೈಜೀರಿಯದ ನಿರ್ದೇಶಕ ಜೆಟಾ ಅಮಾಟಾ ಅವರ ‘ದಿ ಅಮೇಜಿಂಗ್ ಗ್ರೇಸ್’ (2006) ಚಲನಚಿತ್ರವು, ಗುಲಾಮರನ್ನು ಕೊಳ್ಳಲು ಆಫ್ರಿಕೆಗೆ ಬಂದ ಆಂಗ್ಲ ನಾವಿಕ ಜಾನ್ ನ್ಯೂಟನ್ನನ ಹೃದಯ ಪರಿವರ್ತನೆಯನ್ನು ನಿರೂಪಿಸುತ್ತದೆ. ಅಸಂಖ್ಯ ಜನರನ್ನು ಹಡಗೇರಿಸಿದ ಕಲಬಾರ್ ಸೀಮೆಯವರೇ ಈ ಕಥೆಯನ್ನು ಹೇಳಹೊರಟದ್ದು ಶ್ಲಾಘನೀಯ. ಆದರೆ ಕ್ರೌರ್ಯವನ್ನು ಕಂಡು ಮನ ಕರಗಿತು, ವ್ಯಾಪಾರ ನಿಂತಿತು ಎಂಬ ಸರಳ ಸೂತ್ರವನ್ನು ಇತಿಹಾಸ ಒಪ್ಪುವುದಿಲ್ಲ. 1748ರ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟ ನ್ಯೂಟನ್, ಅನಂತರವೂ ಕಪ್ತಾನನಾಗಿ ಗುಲಾಮರನ್ನು ಸಾಗಿಸಿದನು. 1754ರಲ್ಲಿ ಅವನಿಂದ ಸಮುದ್ರಯಾನವನ್ನು ಬಿಡಿಸಿದ್ದು ಅನಾರೋಗ್ಯ. ಆ ವ್ಯಾಪಾರವನ್ನು ಪುಸ್ತಿಕೆ ಬರೆದು ಬಹಿರಂಗವಾಗಿ ಖಂಡಿಸಿದ್ದು 1788ರಲ್ಲಿ. ಪ್ರಾರ್ಥನೆಯೂ ಹಿಂಸೆಯೂ ಒಂದೇ ಹಡಗಿನಲ್ಲಿ ಜೊತೆಯಾಗಿ ಸಾಗಿದ ಆ ವರ್ಷಗಳೇ ಕಥೆಯ ತಿರುಳು. ಅವನ್ನು ಹಗುರಗೊಳಿಸಿದ ಚಿತ್ರವು ಕಣ್ಣೀರು ತರಿಸುತ್ತದೆ, ಆತ್ಮಪರೀಕ್ಷೆಗೆ ಪ್ರೇರಿಸುವುದಿಲ್ಲ.