ತಾಮ್ರದ ಬ್ರೇಕ್ ಪೈಪಿಗೆ ಇಷ್ಟು ಮರ್ಯಾದೆ ಯಾಕೆ?

ಬಳ್ಳಾರಿ ಸೀಮೆಯ, ಸ್ಪಾಂಜ್ ಐರನ್ ಕಾರ್ಖಾನೆಗಳಿರುವ ಹಲಕುಂದಿಯ ಕೆಂಪು ಧೂಳು ಕಾರಿನ ಅಡಿಯಲ್ಲಿ ಕೂತರೆ ಮಳೆಗಾಲದಲ್ಲಿ ಕೆಸರಾಗಿ ತೇವ ಹಿಡಿದಿಡುತ್ತದೆ. ಕ್ಲಿಪ್ಪು ಉಜ್ಜಿ ಲೇಪನ ಕಿತ್ತುಹೋದ ಜಾಗದಲ್ಲಿ ಉಕ್ಕಿನ ಬ್ರೇಕ್ ಪೈಪಿಗೆ ಮೊದಲು ತುಕ್ಕು ಹತ್ತುತ್ತದೆ. ಬದಲಿಸುವಾಗ ಕೇಳಿಬರುವ ಸಲಹೆ ಒಂದೇ: ‘ತಾಮ್ರದ್ದು ಹಾಕಿಸಿ, ತುಕ್ಕೇ ಹಿಡಿಯಲ್ಲ.’

ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಸದಾ ನಡುಗುವ ತಾಮ್ರ ಒಳಗೊಳಗೇ ಗಡುಸಾಗಿ ಬಿರಿಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗಿನ ಒತ್ತಡ ಸುಮಾರು 100 ಬಾರ್ ಮುಟ್ಟುತ್ತದೆ. ಎ.ಸಿ. ರಿಪೇರಿಯವರ ತಾಮ್ರದ ಸುರುಳಿಯಿಂದ ಕತ್ತರಿಸಿದ ತುಂಡು ಈ ಕೆಲಸಕ್ಕೆ ಹುಟ್ಟಿದ್ದಲ್ಲ.

ಪೈಪಿನ ಯೋಗ್ಯತೆ ತಿಳಿಯುವುದು ಅದರ ಬಾಯಲ್ಲಿ, ಅಂದರೆ ಫ್ಲೇರಿನಲ್ಲಿ. ಡಬಲ್ ಫ್ಲೇರಿಗೆ ಪೈಪಿನ ತುದಿಯನ್ನು ಮೊದಲು ಉಬ್ಬಿಸಿ, ಆಮೇಲೆ ಒಳಕ್ಕೆ ಮಡಚಬೇಕು. ಆ ಎರಡು ಪದರದ ಅಂಚನ್ನು ನಟ್ಟು ಸೀಟಿಗೆ ಅದುಮುತ್ತದೆ. ಕತ್ತರಿಸಿದಾಗ ಉಳಿದ ಮುಳ್ಳು ತೆಗೆಯದಿದ್ದರೆ ಮಡಿಕೆ ಅಲ್ಲೇ ಸೀಳುತ್ತದೆ. ಮೆತ್ತನೆಯ ತಾಮ್ರ ಸಲೀಸಾಗಿ ಮಡಚಿಕೊಳ್ಳುತ್ತದೆ, ಆದರೆ ಪ್ರತಿ ಸಲ ನಟ್ಟು ಬಿಗಿದಾಗಲೂ ಅಂಚು ತೆಳುವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ತದ್ವಿರುದ್ಧ ರೋಗ: ಎರಡನೇ ಮಡಿಕೆಗೆ ಬಗ್ಗದೆ ಸೀಳುತ್ತದೆ, ಸೀಳದಿದ್ದರೂ ಸೀಟಿಗೆ ಸರಿಯಾಗಿ ಕೂರದೆ ಆಯಿಲ್ ಜಿನುಗುತ್ತದೆ. ಅದರ ಹೊಳಪಿಗೆ ಮರುಳಾಗುವವರು ಇದನ್ನು ಹೇಳುವುದೇ ಇಲ್ಲ.

ಇವೆರಡರ ಗದ್ದಲದಲ್ಲಿ ಮೂಲೆಗೆ ಸರಿದದ್ದು ಕ್ಯೂಪ್ರೋನಿಕಲ್. ಶೇ. 90ರಷ್ಟು ತಾಮ್ರ, ಶೇ. 10ರಷ್ಟು ನಿಕಲ್, ಚಿಟಿಕೆ ಕಬ್ಬಿಣ. ಕರ್ಷಣ ಬಲದಲ್ಲಿ ಬರೀ ತಾಮ್ರದ ಸುಮಾರು ಒಂದೂವರೆ ಪಟ್ಟು. ಉಕ್ಕಿಗಿಂತ ಎಷ್ಟೋ ಸುಲಭವಾಗಿ ಬಾಗುತ್ತದೆ, ಫ್ಲೇರ್ ಬಿರಿಯುವುದಿಲ್ಲ. ಸ್ವೀಡನ್ನಿನ ವೋಲ್ವೋ 1976ರಿಂದಲೇ ಇದನ್ನು ಕಾರುಗಳಿಗೆ ಹಾಕಿತು.

‘ಹತ್ತರಲ್ಲಿ ಒಂಬತ್ತು ಪಾಲು ತಾಮ್ರವೇ ಅಲ್ಲವೇ?’ ಎಂದು ತಳ್ಳಿಹಾಕುವವರಿದ್ದಾರೆ. ಬಳ್ಳಾರಿ ಸೀಮೆಯಲ್ಲಂತೂ ಈ ವಾದ ನಿಲ್ಲಬಾರದು. ತೋರಣಗಲ್ಲಿನಲ್ಲಿ ಕಬ್ಬಿಣ ಉಕ್ಕಾಗುವುದು ಶೇ. 1ಕ್ಕೂ ಕಡಿಮೆ ಇಂಗಾಲದ ಲೆಕ್ಕಾಚಾರದಲ್ಲಿ. ಅದನ್ನು ಬಲ್ಲವರು ಶೇ. 10ರಷ್ಟು ನಿಕಲನ್ನು ಲೆಕ್ಕಕ್ಕಿಲ್ಲ ಎನ್ನುವುದು ಹೇಗೆ? ಇನ್ನು ಕೆಲವರದು, ಸ್ವೀಡನ್ನಿನಂತೆ ಇಲ್ಲಿ ಹಿಮವಿಲ್ಲ, ರಸ್ತೆಗೆ ಉಪ್ಪು ಸುರಿಯುವುದಿಲ್ಲ ಎಂಬ ವಾದ. ಅವರು ಹೊರಮೈ ಮಾತ್ರ ನೋಡುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಾಳಬೇಕಾದ ಡಾಟ್ 3 ಆಯಿಲಿನ ಕುದಿಬಿಂದು ನೀರು ಸೇರಿದಾಗ 140ಕ್ಕೆ ಇಳಿಯಬಹುದು. ಅದೇ ನೀರು ಉಕ್ಕನ್ನು ಒಳಗಿನಿಂದಲೂ ತಿನ್ನುತ್ತದೆ.

ಕಂಪನಿಯೇ ಬಾಗಿಸಿ ಕೊಡುವ, ಲೇಪನವಿರುವ ಉಕ್ಕಿನ ಪೈಪ್ ಸಿಕ್ಕರೆ ತಕರಾರಿಲ್ಲ. ಸಿಗದಿದ್ದರೆ, ಕೈಯಲ್ಲಿ ಬಾಗಿಸಿ ಮಾಡುವ 4.75 ಮಿ.ಮೀ. ಪೈಪಿಗೆ ಕ್ಯೂಪ್ರೋನಿಕಲ್ಲೇ ಸರಿ. ಇದು ಉಕ್ಕಿಗಿಂತ ಮೆದು. ಆದ್ದರಿಂದ ಹಳೆಯ ಕ್ಲಿಪ್ಪುಗಳನ್ನು ಕೆಸರು ತೊಳೆಯದೆ ಮತ್ತೆ ಹಾಕಿದರೆ ಒಳಗೆ ಉಳಿದ ಅದಿರಿನ ಪುಡಿ ಇದನ್ನೂ ಉಜ್ಜಿ ಸವೆಸುತ್ತದೆ.