ಕಪ್ಪನ್ನು ಬೋರಲು ಹಾಕಿ

ನೆಂಟರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಅದೇ ತಮಾಷೆ. ಅಜ್ಜ ಜಪಾನಿನಿಂದ ತಂದ ಟೀ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತಳದಲ್ಲಿ ಹೆಣ್ಣಿನ ಮುಖ ಮೂಡುತ್ತದೆ. "ಅಯ್ಯೋ, ಗೀಶಾ!" ಅಂತ ಬಾಯಿ ಬಿಟ್ಟು ಒಂದು ಫೋಟೋ ಹೊಡೆದರೆ ಅವರ ರಸಿಕತೆ ಮುಗಿಯಿತು. ಜಾತ್ರೆಯ ಬಯೋಸ್ಕೋಪು ನೋಡಿದಷ್ಟೇ. ಕಪ್ಪನ್ನು ಬೋರಲು ಹಾಕಿದವರನ್ನು ನಾನಿನ್ನೂ ಕಂಡಿಲ್ಲ.

ತಳದಲ್ಲಿ ಕೆಂಪು ಬಣ್ಣದ ಎರಡು ಅಕ್ಷರಗಳಿವೆ. ಮೇಲಿನದು ಒಂಬತ್ತು, ಕೆಳಗಿನದು ಕಣಿವೆ. ಕೂಡಿಸಿ ಓದಿದರೆ ಕುತಾನಿ. 17ನೇ ಶತಮಾನದಲ್ಲಿ ಪಿಂಗಾಣಿ ಆವಿಗೆ ಹೂಡಿದ, ಈಗಿನ ಇಶಿಕಾವಾ ಪ್ರಾಂತ್ಯದ ಊರು. ಆ ಹಳೇ ಆವಿಗೆ ಬೇಗ ಆರಿತು, ಹೆಸರು ಉಳಿಯಿತು. ಹಾಗಾಗಿ ಕುತಾನಿ ಅಂತ ಕಂಡ ಕೂಡಲೇ ಮುನ್ನೂರು ವರ್ಷದ್ದೆಂದು ಬೀಗಬೇಡಿ.

ಇದೆಲ್ಲ ನನಗೂ ಗೊತ್ತಿರಲಿಲ್ಲ. ಅಕ್ಷರಗಳನ್ನು ಕಾಗದದ ಮೇಲೆ ಬಿಡಿಸಿಕೊಂಡು ಜಪಾನಿ ಕಲಿಸುವ ಮೇಷ್ಟ್ರ ಮುಂದಿಟ್ಟೆ. ಅವರು ಒಂದು ಮಾತೂ ಆಡದೆ ಕಾಗದವನ್ನು ತಿರುಗಿಸಿಟ್ಟರು. ಅಷ್ಟು ವರ್ಷ ನಾನು ನೋಡಿದ್ದು ತಲೆಕೆಳಗಾದ ಊರು!

ಅಂದಿನಿಂದ ನನ್ನ ಹಟ ಒಂದೇ: ಮೊದಲು ನೆಟ್ಟಗೆ ಹಿಡಿಯಿರಿ, ಅರ್ಥ ಆಮೇಲೆ. ಕಣಿವೆಯ ಅಕ್ಷರಕ್ಕೆ ನೆತ್ತಿಯಲ್ಲಿ ಎರಡು ಹನಿ, ಅದರಡಿ ಇಳಿಜಾರು ಸೂರು, ಸೂರಿನಡಿ ಪುಟ್ಟ ಚೌಕ. ಚೌಕ ಮೇಲೆ ಕಂಡರೆ ಕಪ್ಪನ್ನು ತಿರುಗಿಸಿ. ಅಡ್ಡಸಾಲಿನ ಬರಹವಾದರೆ ಇನ್ನೊಂದು ಪೇಚು: ಎರಡನೇ ಮಹಾಯುದ್ಧಕ್ಕೆ ಮುಂಚಿನದನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓದಬೇಕು.

ಚೀನಿಯೋ ಜಪಾನಿಯೋ ಎಂಬ ಗೊಂದಲವೇ? ನಡುವೆ ಬಳ್ಳಿಯಂತೆ ಸುತ್ತಿದ ಹಗುರ ಅಕ್ಷರಗಳಿದ್ದರೆ ಜಪಾನಿ. ಇಸವಿ ಜಪಾನಿನ ‘ಶೋವಾ’ ಶಕೆಯಲ್ಲಿದ್ದರೆ 1925 ಕೂಡಿಸಿ. ಬೆಲೆ ಎಷ್ಟೆಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ತಾಳ್ಮೆಯೂ ಇಲ್ಲ.

ಅಜ್ಜ ಜಪಾನಿಗೆ ಹೋಗಿದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ, ನಮ್ಮ ಕೊಡಗಿನ ತಿಮ್ಮಯ್ಯನವರ 268ನೇ ಬ್ರಿಗೇಡಿನ ಜೊತೆ. ಆರು ಕಪ್ಪು ತಂದರು. ಅಚ್ಚೊತ್ತಿದ್ದರೆ ಆರೂ ಗುರುತು ಒಂದೇ ಥರ ಇರಬೇಕಿತ್ತು. ಇಲ್ಲಿ ಹಾಗಿಲ್ಲ. ಕುಂಚ ಎತ್ತಿದಲ್ಲಿ ಗೆರೆ ಸೂಜಿಮೊನೆಯಾಗಿದೆ. ನಾಲ್ಕನೇ ಕಪ್ಪಿನಲ್ಲಿ ಚೌಕದ ಬಲಮೂಲೆ ಕೂಡಿಯೇ ಇಲ್ಲ. ಬರೆದವರಿಗೆ ಊಟದ ಹೊತ್ತಾಗಿತ್ತೋ ಏನೋ. ನನಗೆ ಕೊಡುವ ಕಾಫಿ ಅದರಲ್ಲೇ ಬರಬೇಕು.